ನಗಿಸಿ ಗೆದ್ದ ನಲವತ್ತು ಲಕ್ಷದ ಖಟ್ಲೆ

ಕೊರೊನಾದ ಮೊದಲ ಲಾಕ್‌ಡೌನ್ ಸಡಿಲಾಗಿ ಇಚಲಕರಂಜಿಯ ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದ್ದ ದಿನಗಳವು. ಆಗ ನಾನು ಆ ಊರಿನಲ್ಲಿ ಆದಾಯ ತೆರಿಗೆ ವಕೀಲಿಯ ಮೂವತ್ತನೇ ವರ್ಷಕ್ಕೆ ಕಾಲಿಟ್ಟಿದ್ದೆ. ಹುಟ್ಟೂರು ಗಡಹಿಂಗ್ಲಜ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಾಗದದ ಮೇಲೆ ಇಂಗ್ಲಿಷು. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ನೂಲಿನ ವ್ಯಾಪಾರಿಗಳು ಮತ್ತು ಮಗ್ಗದ ಮಾಲೀಕರು. ಮೂಗಿನ ತುದಿಯಲ್ಲೇ ಸಿಟ್ಟಿರುವ ವಕೀಲ ಎಂಬ ಹೆಸರು ನನಗಿತ್ತು, ಅದು ಸುಳ್ಳೇನೂ ಅಲ್ಲ. ತಪ್ಪು ಮಾಡಿದವರ ಮೇಲೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಸಿಕ್ಕಿಬಿದ್ದ ಮೇಲೂ ಜಾಣತನ ತೋರಿಸುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕಬನೂರಿನಿಂದ ಅಣ್ಣ ತಮ್ಮ ಇಬ್ಬರು ಆದಾಯ ತೆರಿಗೆ ಇಲಾಖೆಯ ಸಮನ್ಸ್ ಹಿಡಿದು ಬಂದರು. ಅಣ್ಣ ಈರಣ್ಣ, ಸಣ್ಣ ಮಗ್ಗದ ಶೆಡ್ಡಿನ ಯಜಮಾನ. ತಮ್ಮ ಶಿವಾನಂದನನ್ನು ನನಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಅವನು ಒಂದು ಮರಾಠಿ ಚಾನೆಲ್ಲಿನ ನಗೆ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಗೆದ್ದಿದ್ದ. ರಾತ್ರಿ ಪಾಳಿಯ ನೇಕಾರ, ಮಗ್ಗ ರಿಪೇರಿ ಮಾಡುವ ಜಾಬರ್, ಕರೆಂಟು ಹೋದಾಗ ಮಾಲೀಕ ಬೈಯುವ ರೀತಿ, ಇವನ್ನೆಲ್ಲ ಅವನು ಅರ್ಧ ಕನ್ನಡ ಬೆರೆತ ಮರಾಠಿಯಲ್ಲಿ ಮಾಡಿ ತೋರಿಸುತ್ತಿದ್ದ. ಬಾಯಿಂದಲೇ ಇಡೀ ಶೆಡ್ಡಿನ ಸದ್ದು ಹೊರಡಿಸುತ್ತಿದ್ದ. ನಮ್ಮ ಮನೆಯಲ್ಲಿ ಅವನ ಕಾರ್ಯಕ್ರಮ ಇದ್ದ ದಿನ ಊಟದ ಹೊತ್ತು ಮುಂದೆ ಹೋಗುತ್ತಿತ್ತು.

ಬಹುಮಾನ ನಲವತ್ತು ಲಕ್ಷ ರೂಪಾಯಿ. ಇಂಥ ಬಹುಮಾನಕ್ಕೆ ಕಾನೂನು ನೇರವಾಗಿದೆ. ಒಟ್ಟು ಮೊತ್ತದ ಮೇಲೆ ಶೇಕಡಾ ಮೂವತ್ತು ತೆರಿಗೆ, ಅದರ ಮೇಲೆ ಸೆಸ್. ಖರ್ಚು ಕಳೆಯುವಂತಿಲ್ಲ, ಗೆದ್ದವನನ್ನು ಬಿಟ್ಟು ಬೇರೆಯವರ ಲೆಕ್ಕಕ್ಕೆ ಹಾಕುವಂತಿಲ್ಲ. ಹಣ ಕೊಡುವವರೇ ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು. ಶಿವಾನಂದನ ಪಾಲಿಗೆ ಅದು ಹನ್ನೆರಡು ಲಕ್ಷ ನಲವತ್ತೆಂಟು ಸಾವಿರ ಆಗುತ್ತಿತ್ತು. ಅಷ್ಟು ಕಟ್ಟಿದ್ದರೆ ಈ ಕಥೆಯೇ ಇಲ್ಲ.

"ಐದೂ ಮಂದಿ ರಿಟರ್ನ್ ಬರೋಬ್ಬರಿ ತುಂಬೇವ್ರಿ ಸಾಹೇಬ್ರ. ಮತ್ಯಾಕ ಬಂತ್ರಿ ಈ ಕಾಗದ?" ಎಂದ ಈರಣ್ಣ.

"ಐದು ಮಂದಿ ಯಾರು?"

"ನಾವ ಮನ್ಯಾಗಿನವ್ರು."

"ಟೀವ್ಯಾಗ ಐದು ಮಂದಿ ಇದ್ರೇನು?"

ಈರಣ್ಣ ನಕ್ಕ. "ಟೀವ್ಯಾಗ ಇವ ಒಬ್ಬಾವನ ಇದ್ದ ಬಿಡ್ರಿ. ಕಾಗದದಾಗ ಐದು ಮಂದಿ."

ಹೊರಗಿನವರಿಗೆ ಇದು ಶುದ್ಧ ಮೋಸ ಎಂದು ಕಾಣುತ್ತದೆ. ನಮ್ಮ ಕಡೆಯ ಮಗ್ಗದವರಿಗೆ ಹಾಗೆ ಕಾಣುವುದಿಲ್ಲ. ಸಣ್ಣ ವಿದ್ಯುತ್ ಕನೆಕ್ಷನ್ನಿಗೆ ದರದಲ್ಲಿ ರಿಯಾಯಿತಿ ಸಿಗುತ್ತದೆ, ದೊಡ್ಡದಕ್ಕೆ ಅಷ್ಟು ಸಿಗುವುದಿಲ್ಲ. ಹಾಗಾಗಿ ಒಂದೇ ಶೆಡ್ಡಿನ ನಡುವೆ ಗೋಡೆ ಎಬ್ಬಿಸಿ ಒಂದು ಮೀಟರು ಹೆಂಡತಿಯ ಹೆಸರಿಗೆ, ಇನ್ನೊಂದು ಅಕ್ಕನ ಗಂಡನ ಹೆಸರಿಗೆ ಹಾಕಿಸುತ್ತಾರೆ. ಮೀಟರು ಯಾರ ಹೆಸರಲ್ಲಿದ್ದರೂ ಮಗ್ಗ ಯಾರದೆಂದು ಓಣಿಗೆಲ್ಲ ಗೊತ್ತಿರುತ್ತದೆ. ಹೆಸರು ಕೊಟ್ಟವನು ಎಂದೂ ಮಗ್ಗ ತನ್ನದು ಅನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಬೀಗರ ನಡುವೆ ಅವನಿಗೆ ಮರ್ಯಾದೆ ಉಳಿಯುವುದಿಲ್ಲ. ಇದಕ್ಕೆ ಅವರು ಬರೀ 'ಹೆಸರು ಹಾಕೋದು' ಅನ್ನುತ್ತಾರೆ. ಈರಣ್ಣ ಈ ಮೀಟರಿನ ಲೆಕ್ಕವನ್ನೇ ತಮ್ಮನ ಬಹುಮಾನಕ್ಕೂ ಹಚ್ಚಿದ್ದ.

ಬಹುಮಾನ ಕೊಡಬೇಕಿದ್ದ ಪ್ರಾಯೋಜಕ ಕಂಪನಿಗೆ ಅವನು ತಮ್ಮನ ಸಹಿ ಹಾಕಿಸಿ ಒಂದು ಪತ್ರ ಕೊಟ್ಟಿದ್ದ: ತಮ್ಮದು ಐದು ಜನರ ಕಲಾತಂಡ, ಹಣವನ್ನು ತಲಾ ಎಂಟು ಲಕ್ಷದಂತೆ ಸಂಭಾವನೆ ಎಂದು ಕೊಡಬೇಕು. ಸಂಭಾವನೆಯಾದರೆ ಹಿಡಿಯುವ ತೆರಿಗೆ ಕಡಿಮೆ. ಆ ಕಂಪನಿಯೂ ಒಪ್ಪಿತು, ಮುಂದೆ ಇಲಾಖೆ ಅದನ್ನು ಹಿಡಿದ ಕಥೆ ಬೇರೆ. ಶಿವಾನಂದ, ಈರಣ್ಣ, ಈರಣ್ಣನ ಹೆಂಡತಿ, ಗಡಹಿಂಗ್ಲಜದಲ್ಲಿರುವ ಅಕ್ಕನ ಗಂಡ, ಸುಳಕೂಡದ ಚಿಗವ್ವ ಗಂಗವ್ವ, ಇವರೇ ಆ ಐವರು. ಗಂಗವ್ವ ಎಂದರೆ ಇವರ ತಾಯಿಯ ತಂಗಿ, ತುಂಡು ಹೊಲದಲ್ಲಿ ಜೋಳ, ಕಬ್ಬು ಮಾಡಿಕೊಂಡಿದ್ದ ವಿಧವೆ, ವಯಸ್ಸು ಎಪ್ಪತ್ತರ ಸುಮಾರು. ರಿಟರ್ನಿನಲ್ಲಿ ಆಕೆಯ ವೃತ್ತಿ 'ಹಾಸ್ಯ ಕಲಾವಿದೆ' ಎಂದಿತ್ತು. ಅದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಐವರೂ ಖರ್ಚು ತೋರಿಸಿ, ಕಂಪನಿ ಹಿಡಿದಿದ್ದ ತೆರಿಗೆಯನ್ನು ವಾಪಸು ಕೇಳಿ ಪಡೆದಿದ್ದರು, ಐದೂ ರಿಟರ್ನಿನಲ್ಲಿ ಒಂದೇ ಮೊಬೈಲ್ ನಂಬರು ಬರೆದಿದ್ದರು. ಇಲಾಖೆಯ ಕಂಪ್ಯೂಟರು ಹಿಡಿದದ್ದು ಅದನ್ನೇ.

"ಹೋಗಿ ಖರೇ ಹೇಳ್ರಿ. ತೆರಿಗಿ, ಬಡ್ಡಿ, ದಂಡ ಕಟ್ರಿ. ಸಂಕಟ ಇಲ್ಲಿಗೇ ಮುಗೀತೈತಿ," ಎಂದೆ. ಶಿವಾನಂದ ತಲೆಯಾಡಿಸಿದ. ಈರಣ್ಣ ತಲೆಯಾಡಿಸಲಿಲ್ಲ.

ಕೊಲ್ಹಾಪುರದ ಇಲಾಖೆಯ ಕಚೇರಿಯಲ್ಲಿ ಪ್ರಮಾಣದ ಮೇಲೆ ಹೇಳಿಕೆ ಕೊಡುವ ದಿನ ನಾನೂ ಜೊತೆಗಿದ್ದೆ. ಬಹುಮಾನ ಯಾರದು ಎಂದು ಅಧಿಕಾರಿ ಕೇಳಿದರು. ಬಸ್ಸಿನಲ್ಲಿ ಅಣ್ಣ ಗಿಣಿಪಾಠ ಮಾಡಿಸಿದ್ದನೋ ಏನೋ, ಶಿವಾನಂದ ನೆಲ ನೋಡುತ್ತ, ಅದು ತಂಡದ್ದು, ಐದೂ ಜನ ಸೇರಿ ಗೆದ್ದದ್ದು ಎಂದುಬಿಟ್ಟ. ಅಧಿಕಾರಿ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಅರೆ ಬಾಬಾ, ಮೀ ಸ್ವತಃ ತುಲಾ ವೋಟ್ ದಿಲಂಯ. ಸ್ಟೇಜವರ ತೂ ಏಕಟಾಚ ಹೋತಾಸ."

ನಾನೇ ನಿನಗೆ ವೋಟು ಹಾಕಿದ್ದೇನೆ, ವೇದಿಕೆಯ ಮೇಲೆ ನೀನೊಬ್ಬನೇ ಇದ್ದೆ, ಎಂದದ್ದು. ಅಷ್ಟಾದರೂ ಶಿವಾನಂದ ಮಾತು ಬದಲಿಸಲಿಲ್ಲ. ಸಹಿ ಹಾಕಿದ. ಹೊರಗೆ ಬಂದ ಮೇಲೆ ರಸ್ತೆ ಎಂದೂ ನೋಡದೆ ನಾನು ಇಬ್ಬರಿಗೂ ಮಂಗಳಾರತಿ ಎತ್ತಿದೆ. ಇಡೀ ಮಹಾರಾಷ್ಟ್ರ ಕಣ್ಣಾರೆ ಕಂಡದ್ದನ್ನು ಇಲ್ಲ ಎಂದು ಬರೆದುಕೊಟ್ಟು ಬಂದಿದ್ದೀರಲ್ಲ, ನಿಮಗೆ ವಕೀಲ ಯಾಕೆ ಬೇಕು ಎಂದೆ. ಕೇಸು ಬಿಡುತ್ತೇನೆ ಎಂದೂ ಹೇಳಿದೆ. ಬಿಡಲಿಲ್ಲ. ಆ ಹುಡುಗನ ಮುಖ ನೋಡಿದರೆ ಬಿಡಲು ಮನಸ್ಸಾಗಲಿಲ್ಲ.

ಮುಂದೆ ಆಗಬೇಕಾದ್ದು ಒಂದೊಂದಾಗಿ ಆಯಿತು. ಪೂರ್ತಿ ಬಹುಮಾನ ಶಿವಾನಂದನದೇ ಎಂದು ಇಲಾಖೆ ತೀರ್ಮಾನಿಸಿತು. ಬೇಕೆಂದೇ ತೆರಿಗೆ ತಪ್ಪಿಸಿದ್ದು, ಪ್ರಮಾಣದ ಮೇಲೆ ಸುಳ್ಳು ಹೇಳಿದ್ದು ಎಂದು ಕೊಲ್ಹಾಪುರದ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಹಾಕಿತು. ಈ ಅಪರಾಧಕ್ಕೆ ಕನಿಷ್ಠ ಮೂರು ತಿಂಗಳು ಜೈಲು ಇದೆ. ಮೊದಲ ತಪ್ಪು ಎಂದು ಎಚ್ಚರಿಕೆ ಕೊಟ್ಟು ಬಿಡುವ ಅವಕಾಶ ಹದಿನೆಂಟು ದಾಟಿದವರಿಗೆ ಇಲ್ಲ. ತಪ್ಪಿಸಿಕೊಳ್ಳಲು ಉಳಿದ ಒಂದೇ ದಾರಿ ಕಂಪೌಂಡಿಂಗ್: ತೆರಿಗೆ, ಬಡ್ಡಿ, ದಂಡ, ಮೇಲೊಂದು ಶುಲ್ಕ, ಎಲ್ಲ ತುಂಬಿ ಕೇಳಿಕೊಂಡರೆ ಇಲಾಖೆ ಕೇಸು ಕೈಬಿಡಬಹುದು. ಇಪ್ಪತ್ತೈದು ಲಕ್ಷದ ಹತ್ತಿರ ಬೇಕಿತ್ತು. ಹಣವೆಲ್ಲ ಕಬನೂರಿನ ಶೆಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಮಗ್ಗಗಳಾಗಿ ನಿಂತಿತ್ತು. ಆ ಮಗ್ಗಗಳೂ ಐದು ಹೆಸರಿನಲ್ಲೇ ಇದ್ದವು, ಶಿವಾನಂದನ ಹೆಸರಿನವನ್ನು ಈರಣ್ಣ ನೂಲಿನ ಸಾಲಕ್ಕೆ ಆಗಲೇ ಅಡವಿಟ್ಟಿದ್ದ.

ಮಾರಲು ಒಪ್ಪಿಸೋಣವೆಂದು ಗಡಹಿಂಗ್ಲಜದಲ್ಲಿ ಅಕ್ಕನ ಮನೆಯಲ್ಲಿ ಎಲ್ಲರೂ ಕೂತೆವು. ಆ ಅಕ್ಕನ ಗಂಡ ಕಿರಾಣಿ ವ್ಯಾಪಾರಿ, ಮಾತು ನಯ. ಚಹಾ ಕೊಡಿಸಿ, ನನ್ನ ಕಡೆ ತಿರುಗಿ ಹೇಳಿದ:

"ಕಾಗದ ಏನ್ ಹೇಳತೈತಿ, ನಾನೂ ಅದನ್ನ ಹೇಳತೇನ್ರಿ ವಕೀಲ ಸಾಹೇಬ್ರ. ನನ್ನ ಖಾತೇಕ ಬಂದ ರೊಕ್ಕ, ನನ್ನ ಹೆಸರಿನ ಮಗ್ಗ. ಅದರ ಮ್ಯಾಲ ಬ್ಯಾಂಕಿನ್ಯಾಗ ಕರ್ಜ ತಗೊಂಡೇನಿ. ಈಗ ನಂದಲ್ಲ ಅಂದ್ರ ನಾನೂ ಕಳ್ಳ ಆಗತೇನಲ್ರಿ?"

ಮೀಟರಿಗೆ ಹೆಸರು ಕೊಟ್ಟವನು ಇಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಮೀಟರಿಗೆ ಬಿಲ್ಲು ಮಾತ್ರ ಬರುತ್ತದೆ, ಇಲ್ಲಿ ಲಕ್ಷಗಳು ಬಂದಿದ್ದವು. ಈರಣ್ಣನೂ ತನ್ನ ಮತ್ತು ಹೆಂಡತಿಯ ಹೆಸರಿನ ಮಗ್ಗಗಳಿಗೆ ಭಾವನ ಮಾತನ್ನೇ ಹಿಡಿದ. ಮಗ್ಗ ಮಾರಿದರೆ ಮೂರು ಮನೆ ಬೀದಿಗೆ ಬರುತ್ತವೆ, ಕೋರ್ಟಿನಲ್ಲಿ ಏನಾದೀತು, ಹೆಚ್ಚೆಂದರೆ ದಂಡ, ಎಂದ. ಜೈಲು ಎಂದು ನಾನು ಹೇಳುತ್ತಿದ್ದುದು ಫೀಸಿನ ಆಸೆಗೆ ಹೆದರಿಸುವ ಮಾತೆಂದು ಅವನು ತಿಳಿದಿದ್ದ.

ಮೂಲೆಯಲ್ಲಿ ಕೂತಿದ್ದ ಗಂಗವ್ವ ಆಗ ಬಾಯಿ ತೆರೆದಳು. "ನನ್ನ ಹೆಸರಿಲೆ ಏನೈತೋ ಅದನ್ನ ಮಾರ್ರಿ. ಅದು ನಂದಲ್ಲ, ಹುಡುಗಂದು."

ಮಾರಿದೆವು. ಐದು ಲಕ್ಷ ಬಂತು, ಅದನ್ನು ಶಿವಾನಂದನ ತೆರಿಗೆಗೇ ಕಟ್ಟಿಸಿದೆ. ಉಳಿದದ್ದು ಹುಟ್ಟಲಿಲ್ಲ, ಕಂಪೌಂಡಿಂಗ್ ಆಗಲಿಲ್ಲ, ಕೋರ್ಟಿನಲ್ಲಿ ಖಟ್ಲೆ ಶುರುವಾಯಿತು. ಇಲಾಖೆ ತನ್ನ ಸಾಕ್ಷಿಯಾಗಿ ಕರೆದದ್ದು ಇದೇ ಗಂಗವ್ವನನ್ನು.

ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ವರಾಂಡದಲ್ಲಿ ಈರಣ್ಣ ನನ್ನ ಕೋಟಿನ ತೋಳು ಹಿಡಿದುಕೊಂಡ. "ಮುದುಕಿಗೆ ಅರುವು ಮರುವು ಆಗೈತಿ ಅಂತ ತೋರಸ್ರಿ ಸಾಹೇಬ್ರ. ಆಕಿ ಮಾತು ಬಿದ್ದರ ಇಂವ ಉಳಿತಾನ."

ಕೆಲಸಕ್ಕೆ ಬಾರದ ಸಲಹೆಯೇನೂ ಅಲ್ಲ ಅದು. ಬ್ಯಾಂಕಿನ ಫಾರ್ಮಿನ ಮೇಲೆ ಆಕೆಯ ಸಹಿಯಿತ್ತು, ವಾಪಸು ಬಂದ ತೆರಿಗೆ ಆಕೆಯ ಖಾತೆಗೆ ಬಿದ್ದಿತ್ತು. ಹದಿನೈದು ನಿಮಿಷದ ಪಾಟೀಸವಾಲಿನಲ್ಲಿ ನಾನು ಆಕೆಯನ್ನು ತಬ್ಬಿಬ್ಬು ಮಾಡಿ, ಹಣ ಪಡೆದು ಈಗ ಉಲ್ಟಾ ಹೊಡೆಯುವವಳೆಂದು ತೋರಿಸಬಹುದಿತ್ತು. ಪ್ರಶ್ನೆಗಳನ್ನು ಬರೆದುಕೊಂಡೂ ಬಂದಿದ್ದೆ. ವಕೀಲಿಯಲ್ಲಿ ಇದು ದಿನದ ಕೆಲಸ, ನನಗೆ ಅದರಲ್ಲಿ ಸಂಕೋಚವಿರಲಿಲ್ಲ.

"ಸಾಹೇಬ್ರ, ಚಿಗವ್ವಗ ಏನೂ ಕೇಳಬ್ಯಾಡ್ರಿ," ಎಂದ ಶಿವಾನಂದ.

"ಕೇಳದಿದ್ರ ನೀ ಒಳಗ ಹೋಗ್ತಿ."

"ಗೊತ್ತೈತ್ರಿ."

"ತಲಿ ಕೆಟ್ಟೈತೇನ್ಲೇ ನಿನಗ?" ಎಂದು ಈರಣ್ಣ ಮೈಮೇಲೆ ಬಂದ.

"ಅಣ್ಣಾ, ಇಷ್ಟ ದಿನ ನೀ ಹೇಳಿದ್ದ ಕೇಳೇನಿ. ಇವತ್ತೊಂದ ದಿನ ನಾ ಹೇಳಿದ್ದ ಕೇಳು. ಆಕೀನ ಸುಳ್ಳಾಕಿ ಮಾಡಿ ನಾ ಮನಿಗೆ ಹೋಗೂದಿಲ್ಲ."

ಎರಡು ವರ್ಷದಲ್ಲಿ ಅವನು ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ನಾನು ಬಹಳ ಹೊತ್ತು ವಾದಿಸಿದೆ, ಬೈದೆ ಕೂಡ. ಕಕ್ಷಿದಾರ ತನ್ನ ಒಳ್ಳೆಯದನ್ನು ತಾನೇ ತಿಳಿಯದೆ ಹಟ ಹಿಡಿದರೆ ವಕೀಲನಿಗೆ ಆಗುವ ಸಿಟ್ಟು ಇನ್ನೊಬ್ಬ ವಕೀಲನಿಗೇ ಗೊತ್ತು. ಅವನು ಕೈಮುಗಿದು ನಿಂತೇ ಇದ್ದ. ಕೊನೆಗೆ ಪ್ರಶ್ನೆಗಳ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಗಂಗವ್ವ ಕನ್ನಡದಲ್ಲಿ ಹೇಳಿದಳು, ದುಭಾಷಿ ಮರಾಠಿಗೆ ತಂದ. ಸರಕಾರಿ ವಕೀಲರು ಬಹುಮಾನದಲ್ಲಿ ನಿಮ್ಮ ಪಾಲಿತ್ತೇ ಎಂದು ಕೇಳಿದರು.

"ನಂದೆಲ್ಲೀದ್ರಿ? ಟೀವ್ಯಾಗ ನಾನೂ ನೋಡೇನಿ. ಅಂವ ಒಬ್ಬಾವನ ನಿಂತಿದ್ದ. ಮಂದಿ ಹೊಟ್ಟಿ ಹಿಡಕೊಂಡ ನಕ್ಕರು. ಆ ರೊಕ್ಕ ಅಂವಂದ. ನಾ ಯಾರನ್ನ ನಗಸೇನ್ರಿ?"

ಕೋರ್ಟು ನಕ್ಕಿತು. ನ್ಯಾಯಾಧೀಶರು ನಗುವನ್ನು ಬಾಯೊಳಗೇ ತಡೆದುಕೊಂಡು ಬರೆದುಕೊಂಡರು. ನನ್ನ ಸರದಿ ಬಂದಾಗ ಎದ್ದು ನಿಂತು, ಪ್ರಶ್ನೆಗಳಿಲ್ಲ ಎಂದೆ. ಸರಕಾರಿ ವಕೀಲರು ನನ್ನನ್ನು ವಿಚಿತ್ರವಾಗಿ ನೋಡಿದರು.

ತೀರ್ಪು ಬಂತು: ಆರು ತಿಂಗಳು ಸಜೆ ಮತ್ತು ದಂಡ. ಮೇಲ್ಮನವಿಗೆಂದು ಅಂದು ಜಾಮೀನು ಸಿಕ್ಕಿತು. ಹೊರಗೆ ವರಾಂಡದ ಮೆಟ್ಟಿಲ ಮೇಲೆ ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. "ನನ್ನ ಬಾಯಿಂದ ಅಂವ ಜೇಲಿಗೆ ಹೊಂಟ್ನಲ್ರಿ," ಎಂದಳು. ನಿಮ್ಮ ಸಾಕ್ಷಿ ಇಲ್ಲದಿದ್ದರೂ ಟೀವಿಯ ರೆಕಾರ್ಡಿಂಗ್ ಒಂದೇ ಸಾಕಾಗುತ್ತಿತ್ತು ಎಂದು ನಾನು ಸಮಾಧಾನಕ್ಕೆ ಕಾನೂನು ವಿವರಿಸತೊಡಗಿದೆ. ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಶಿವಾನಂದ ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಚಿಗವ್ವಾ, ನಾಕು ಮಂದಿ ಹೆಸರ ಹಾಕಿದ್ವಿ. ನಾಕರಾಗ ಮೂರ ಮಂದಿ ನಮ್ಮದು ಅಂದ್ರು. ಗೆದ್ದಾಂವ ಶಿವ್ಯಾ ಅಂತ ಹೇಳಿದಾಕಿ ನೀ ಒಬ್ಬಾಕಿ. ನಾನೂ ಹೇಳಿದ್ದಿಲ್ಲ ಅದನ್ನ."

ನಾನು ವಿವರಿಸುವುದನ್ನು ನಿಲ್ಲಿಸಿದೆ.

ಮೇಲಿನ ಕೋರ್ಟು ಗಂಗವ್ವ ಕಟ್ಟಿಸಿದ ಐದು ಲಕ್ಷವನ್ನು ಲೆಕ್ಕಕ್ಕೆ ಹಿಡಿದು ಸಜೆಯನ್ನು ಮೂರು ತಿಂಗಳಿಗೆ ಇಳಿಸಿತು. ಅದಕ್ಕಿಂತ ಇಳಿಸಲು ಬರುವುದಿಲ್ಲ. ಶಿವಾನಂದ ತಾನಾಗಿ ಹಾಜರಾಗಿ ಅಷ್ಟೂ ಅನುಭವಿಸಿ ಬಂದ. ಈಗ ಮದುವೆ, ಗಣಪತಿ ಮಂಡಳಿಗಳಲ್ಲಿ ಕಾರ್ಯಕ್ರಮ ಕೊಡುತ್ತಾನೆ, ಉಳಿದ ದಿನ ಬೇರೆಯವರ ಶೆಡ್ಡಿನಲ್ಲಿ ಪಾಳಿಗೆ ಹೋಗುತ್ತಾನೆ. ಇಲಾಖೆಯ ಬಾಕಿ ಕಂತಿನಲ್ಲಿ ಹೋಗುತ್ತಿದೆ. ಅಣ್ಣನ ಶೆಡ್ಡಿಗೆ ಮಾತ್ರ ಕಾಲಿಟ್ಟಿಲ್ಲ.

ನಾನು ಕೋರ್ಟಿಗೆ ಹೋಗುವುದನ್ನು ಕಳೆದ ವರ್ಷ ನಿಲ್ಲಿಸಿದೆ. ಸಲಹೆಗೆಂದು ಮನೆಗೆ ಬರುವವರು ಇನ್ನೂ ಇದ್ದಾರೆ. ಆಸ್ತಿಯನ್ನೋ ಹಣವನ್ನೋ ಅತ್ತೆಯ ಹೆಸರಿಗೆ, ಭಾವನ ಹೆಸರಿಗೆ ಹಾಕಬಹುದೇ ಎಂದು ಕೇಳುತ್ತಾರೆ. ಮೊದಲೆಲ್ಲ ನಾನು ಸೆಕ್ಷನ್ ನಂಬರು ಹೇಳಿ ಹೆದರಿಸುತ್ತಿದ್ದೆ. ಹೆದರಿದವರು ಕಡಿಮೆ. ಈ ಖಟ್ಲೆ ಆದ ಮೇಲೆ ಒಂದೇ ಮಾತು ಕೇಳುತ್ತೇನೆ. "ಯಾರ ಹೆಸರಿಗೆ ಹಾಕತೀರೋ ಅವರು ನಾಳೆ ಕೋರ್ಟಿನ್ಯಾಗ ನಿಂತು ಇದು ನಂದಲ್ಲ ಅಂತಾರೇನು?" ಆಮೇಲೆ ಕೆಲವರು ತೆರಿಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ, ಕೆಲವರು ಚಹಾ ಅರ್ಧಕ್ಕೇ ಬಿಟ್ಟು ಬೇರೆ ವಕೀಲನ ಮನೆಗೆ ಹೋಗುತ್ತಾರೆ.