ಅಕ್ಕನ ಆಡಿಗೊಂದು ಫೋಟೊ

ಫೋಟೊ ತೆಗೆಯುವುದರಲ್ಲಿ ನನ್ನ ಬಗ್ಗೆ ನನಗೇ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಮದುವೆಮನೆಯಲ್ಲಿ ಯಾರ ತಲೆಯನ್ನೂ ಕತ್ತರಿಸದೆ ಫೋಟೊ ತೆಗೆಯಬಲ್ಲವನು ಎಂದು ನಮ್ಮ ಬೀಗರೂ ಒಪ್ಪಿದ್ದರು. ಬೀಗರು ಒಪ್ಪುವುದೆಂದರೆ ಏನು ಸಾಮಾನ್ಯವೇ, ನೀವೇ ಹೇಳಿ. ಆ ಹೆಮ್ಮೆಯನ್ನು ಕೊನೆಗೆ ಒಂದು ಆಡು ಮೇಯ್ದುಬಿಟ್ಟಿತು.

ಕಲ್ಲೂರಿನ ನಮ್ಮ ಅಕ್ಕನಿಗೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಇದ್ದಾರೆ. ಆದರೆ ಕರೆದ ಕೂಡಲೇ ಬರುವುದು ಚಂದ್ರಿ ಮಾತ್ರ. ತಾಯಿ ಸತ್ತ ಈ ಆಡಿನ ಮರಿಯನ್ನು ಅಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಕರಿ ಮೈ, ಹಣೆಯ ಮೇಲೊಂದು ಬಿಳಿ ಚಂದ್ರ. ಅದರ ಚಿತ್ರ ಬರೆಸಿ, ಮೊದಲೇ ಹೇಳದೆ ಅಕ್ಕನ ಕೈಗಿಡಬೇಕೆಂದು ನನಗೆ ಹೊಳೆಯಿತು. ರಾಯಚೂರಿನಲ್ಲಿ ಸಾಕುಪ್ರಾಣಿಗಳ ಚಿತ್ರ ಬರೆಯುವ ನಸೀಮಾ ಎಂಬ ಹುಡುಗಿಯನ್ನು ಕಂಡೆ. ಫೋಟೊ ನೋಡಿಯೇ ಅವಳು ಬರೆಯುವುದು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆಯಬೇಕು, ಎಳೆ ಬಿಸಿಲಿರಬೇಕು, ಫ್ಲ್ಯಾಶ್ ಕೂಡದು, ಮೈಮೇಲಿನ ಮಚ್ಚೆಯೆಲ್ಲ ಕಾಣಬೇಕು ಎಂದಳು.

ನನ್ನ ವಯಸ್ಸಿನಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುವುದು ಸುಲಭ. ಏಳುವುದಕ್ಕೇ ಇನ್ನೊಬ್ಬರು ಬೇಕು. ಆಡಿನ ಕಣ್ಣಿನ ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡ ಗೀಟು. ತಲೆ ತಗ್ಗಿಸಿ ಮೇಯುತ್ತಲೇ ಎರಡೂ ಪಕ್ಕ ಕಾಣಲಿ ಎಂದೇ ಈ ಏರ್ಪಾಡು. ಹಾಗಾಗಿ ಚಂದ್ರಿ ನನ್ನನ್ನು ನೋಡುತ್ತಿದೆಯೋ, ಪಕ್ಕದ ತೊಗರಿ ಹೊಟ್ಟನ್ನು ನೋಡುತ್ತಿದೆಯೋ ತಿಳಿಯಲಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂದ ಹಿರಿಯರು ಮೊಬೈಲ್ ಕಂಡಿದ್ದರೆ ಅದನ್ನೂ ಗಾದೆಗೆ ಸೇರಿಸುತ್ತಿದ್ದರು. ಅದು ನೆಕ್ಕಿದ ಲೆನ್ಸನ್ನು ಒರೆಸಿಕೊಂಡು, ಗೋಡೆಗೆ ನಿಲ್ಲಿಸಿ, ಎಡಮಗ್ಗುಲು, ಬಲಮಗ್ಗುಲು, ಎದುರು ಎಲ್ಲ ತೆಗೆದೆ.

ಎಡವಟ್ಟಾದದ್ದು ಅಲ್ಲೇ. ಆಡನ್ನು ಹೀಗೆ ನಿಲ್ಲಿಸಿ ಎರಡೂ ಮಗ್ಗುಲು ಫೋಟೊ ತೆಗೆದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಗಿರಾಕಿಗೆ ಕಳಿಸಲಿಕ್ಕೆ. ಪಕ್ಕದ ಮನೆಯ ಆಡಿನ ವ್ಯಾಪಾರಿ ಬಂದು, ವಯಸ್ಸು ಗೊತ್ತಾಗಲು ಹಲ್ಲಿನದೂ ಒಂದು ತೆಗೆಯಿರಿ, ಮಾನ್ವಿಯಲ್ಲಿ ಒಳ್ಳೆಯ ಗಿರಾಕಿ ಇದ್ದಾರೆ ಎಂದು ಸಲಹೆ ಕೊಟ್ಟ. ಗುಟ್ಟು ಬಿಡಬಾರದೆಂದು ನಾನು ಸುಮ್ಮನೆ ನಕ್ಕೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅಂದು ನನಗೆ ಚಹಾ ಬರಲಿಲ್ಲ.

ನಸೀಮಾ ಫೋಟೊಗಳನ್ನೆಲ್ಲ ನೋಡಿ, "ಬರೋಬರಿ ಬಂದಾವ್ರಿ. ಆದ್ರ ಇವು ಸಂತಿ ಫೋಟೊ. ಮನಿ ಫೋಟೊ ತರ್ರಿ" ಎಂದಳು. ಬೀಗರು ಅಲ್ಲಿರಲಿಲ್ಲ, ಪುಣ್ಯ.

ಮುಂದಿನ ಭಾನುವಾರ ಮತ್ತೆ ಹೋದರೆ ಚಂದ್ರಿಯ ಗೂಟ ಖಾಲಿ. ನೋಡಿದರೆ ಆಡು ನಡುಮನೆಯೊಳಗಿದೆ. ಅಕ್ಕ ತಲೆಬಾಗಿಲ ಹೊಸ್ತಿಲಲ್ಲಿ ಅಡ್ಡ ಕೂತಿದ್ದಾಳೆ.

"ಅಷ್ಟು ರೊಕ್ಕದ ಅಡಚಣಿ ಇದ್ರ ನನ್ನ ಕಿವ್ಯಾಗಿನ ಬೆಂಡೋಲಿ ಒಯ್ಯೋ ತಮ್ಮಾ," ಎಂದಳು. "ಇದನ್ನ ಮಾತ್ರ ಕೇಳಬ್ಯಾಡ."

ನಾನು ಅವಳೆದುರು ನೆಲದ ಮೇಲೆ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಕಣ್ಣಂತೂ ತುಂಬಿತು. ಗುಟ್ಟೆಲ್ಲ ಹೇಳಿದೆ. ಆಡಿನ ಚಿತ್ರ ಯಾರಾದರೂ ಬರೆಸುತ್ತಾರೆಯೇ ಎಂದು ಅವಳು ನಂಬಲೇ ಇಲ್ಲ. ನಸೀಮಾಳಿಗೆ ಫೋನ್ ಹಚ್ಚಿ ಕೊಟ್ಟೆ. ಮಾತಾಡಿದ ಮೇಲೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ನಗುತ್ತಿರುವಾಗಲೇ ಚಂದ್ರಿ ಹಿಂದಿನಿಂದ ಬಂದು, ಭುಜದ ಪಕ್ಕ ಮುಖ ತೂರಿಸಿ, ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಹೊಸ್ತಿಲ ಮೇಲೆ ಎಳೆ ಬಿಸಿಲಿತ್ತು. ನಾನಂತೂ ಆಗಲೇ ನೆಲಕ್ಕಿಳಿದಿದ್ದೆ. ಒಂದೇ ಫೋಟೊ ತೆಗೆದೆ.

ಚಿತ್ರ ಒಯ್ದು ಕೊಟ್ಟ ದಿನ ಅಕ್ಕ ಹಬ್ಬಕ್ಕೆ ಉಡುವ ರೇಷ್ಮೆ ಸೀರೆ ಉಟ್ಟು ಕಾಯುತ್ತಿದ್ದಳು. ಚಿತ್ರದಲ್ಲಿ ಕರಿ ಮುಖ, ಬಿಳಿ ಚಂದ್ರ, ಬಾಯಲ್ಲಿ ಹಸಿರು ಸೆರಗು. ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು, ಒಂದೇ ತಕರಾರು ಹೇಳಿದಳು: "ಮಾಸಿದ ಸೀರಿ ಬಂದದಲ್ಲೋ. ಮೊದಲಾ ಹೇಳಿದ್ರ ಛಲೋದು ಉಟ್ಕೊಂತಿದ್ದೆ."

ಚಂದ್ರಿಗೂ ತೋರಿಸಿದೆವು. ಅದು ಚಿತ್ರದ ಕಡೆ ತಿರುಗಿಯೂ ನೋಡದೆ ರೇಷ್ಮೆ ಸೆರಗಿಗೇ ಬಾಯಿ ಹಾಕಿತು. ಅಕ್ಕ ಬಿಡಿಸಿಕೊಳ್ಳಲಿಲ್ಲ.