ಉಸುಕಿನ ಸಾಲಿಯ ಹಾಜರಿ

ಪಕ್ಕದ ಮನೆ ಕಟ್ಟಲು ತಂದು ಸುರಿದ ಉಸುಕಿನ ಮೇಲೆ ನಿನ್ನೆ ಬೆಳಿಗ್ಗೆ ಗೌಂಡಿ ನೀರು ಹೊಡೆದ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾದನಹಿಪ್ಪರಗಾದಲ್ಲಿ ನಾವೆಲ್ಲ ಐನೋರು ಎನ್ನುತ್ತಿದ್ದ ಮುದಿ ಮಾಸ್ತರು ಕಣ್ಣೆದುರು ಬಂದು ಕೂತರು...

ಅದು ನಿಜಾಮರ ಕಾಲ. ಸರಕಾರಿ ಶಾಲೆಯಲ್ಲಿ ಕಲಿಸುವುದು ಉರ್ದುವಿನಲ್ಲಿ. ಅಪ್ಪಣೆಯಿಲ್ಲದೆ ಯಾರೂ ಖಾಸಗಿ ಶಾಲೆ ನಡೆಸಬಾರದೆಂಬ ಕಾಯಿದೆಯೂ ಇತ್ತು. ಐನೋರು ಅಪ್ಪಣೆ ಕೇಳಿರಲಿಲ್ಲ. ತಮ್ಮ ಪಡಸಾಲೆಯಲ್ಲಿ ಉಸುಕು ಹರವಿ ಇಪ್ಪತ್ತು ಮಕ್ಕಳಿಗೆ ಕನ್ನಡ ತಿದ್ದಿಸುತ್ತಿದ್ದರು. ನನ್ನ ಬೆರಳು ಹಿಡಿದು ತಿದ್ದಿಸಿದವರೂ ಅವರೇ. ಪುಸ್ತಕವಿಲ್ಲ, ಬೋರ್ಡಿಲ್ಲ. ಹೊರಗಿನವರು ಬಂದರೆ ಅಂಗೈಯಿಂದ ಉಸುಕು ಸವರಿಬಿಡುವುದು, ಸಾಲಿಯೇ ಇಲ್ಲ!

ನಾನು ಗುಲಬರ್ಗಾದಲ್ಲಿ ಮೆಟ್ರಿಕ್ ಮುಗಿಸಿ, ಊರಿಗೆ ಮರಳಿ ನೌಕರಿಗಾಗಿ ಕಾಯುತ್ತಿದ್ದೆ. ನನ್ನ ಉರ್ದು ಅಕ್ಷರ ಬಹಳ ಚಂದ, ಆದರೆ ನೋಡುವವರಿರಲಿಲ್ಲ. ಹೊತ್ತು ಹೋಗದೆ ಆ ಮಕ್ಕಳ ಹೆಸರುಗಳನ್ನೆಲ್ಲ ಬರೆದು, ಗೆರೆ ಹೊಡೆದು, ಒಂದು ಹಾಜರಿ ಪುಸ್ತಕ ಮಾಡಿದೆ. ಐನೋರು ನಕ್ಕರು.

"ಉಸುಕಿಗಿ ಹಾಜರಿ ಯಾಕಲೇ? ಒಯ್ದು ಒಲಿಗಿ ಹಾಕು."

ಹಾಕಲಿಲ್ಲ. ಒಂದು ದಿನ ಆಳಂದದಿಂದ ಶಾಲಾ ತನಿಖೆಯ ಸಾಹೇಬರು ಬಂದ ಸುದ್ದಿ ಕೇಳಿ, ಅದನ್ನು ಬಗಲಲ್ಲಿಟ್ಟುಕೊಂಡೇ ಐನೋರ ಮನೆಗೆ ಓಡಿದೆ. ಸಾಹೇಬರು ಒಳಗೆ ಕಾಲಿಡುವಷ್ಟರಲ್ಲಿ ಉಸುಕು ನುಣ್ಣಗಾಗಿತ್ತು.

"ಇಲ್ಲಿ ಸಾಲಿ ನಡಸ್ತೀರಂತಲ್ರಿ?"

"ಸಾಲಿ ಎಲ್ಲದರಿ ಸಾಹೇಬ್ರ? ಹುಡುಗ್ರು ಉಸುಕಿನ್ಯಾಗ ಆಡಾಕತ್ತಾವ," ಎಂದರು ಐನೋರು.

"ಇಷ್ಟು ಸುಮ್ ಕುಂತು ಆಡೋ ಹುಡುಗ್ರನ್ನ ನಾ ಎಲ್ಲೀ ನೋಡಿಲ್ರಿ!"

ಸಾಹೇಬರು ನಕ್ಕು, ಬೂಟು ಮೆಟ್ಟಲು ತಿರುಗಿದರು. ಹೋಗಿಯೇಬಿಡುತ್ತಿದ್ದರು... ನಾನು ಮುಂದೆ ಹೋಗಿ ಸಲಾಮು ಮಾಡಿ ಹಾಜರಿ ಪುಸ್ತಕವನ್ನು ಅವರ ಕೈಗಿಟ್ಟೆ.

"ಯಾರ ಅಕ್ಷರ ಇದು?"

"ನಂದೇರಿ ಸಾಹೇಬ್ರ."

"ಭಾಳ ಛಲೋ ಅದ." ಆಮೇಲೆ ಐನೋರ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ. "ಹಾಜರಿ ಅದ ಅಂದ್ರ ಸಾಲಿ ಅದರಿ. ನಾಳಿಂದ ಬಂದ್ ಮಾಡ್ರಿ."

ಮೂರು ತಿಂಗಳಿಗೆ ನನಗೆ ಜೇವರ್ಗಿ ಕಡೆ ಸರಕಾರಿ ಮಾಸ್ತರಿಕೆ ಸಿಕ್ಕಿತು. ಹೇಳಿ ಹೋಗಲು ಬಂದಾಗ ಐನೋರು ಬೆನ್ನು ಸವರಿದರು.

"ನಮ್ಮ ಸಾಲಿಗಿ ಮಾನ ಬರ್ಲಿ ಅಂತ ತೋರಿಸಿದಿ. ಕಾಯಿದಿ ನಿನಗೇನ್ ಗೊತ್ತಿತ್ತು? ಮನಸಿಗಿ ಹಚ್ಕೋಬ್ಯಾಡ."

ಕಾಯಿದೆ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲವೆಂದು ನಂಬಿಕೊಂಡೇ ಅವರು ತೀರಿಹೋದರು.

ನಿಜಾಮರ ಆಡಳಿತ ಹೋಯಿತು. ಹೊಸ ಕಾಯಿದೆಗಳು ಬಂದವು, ಹಳ್ಳಿಹಳ್ಳಿಗೂ ಕನ್ನಡ ಶಾಲೆಯಾಯಿತು. ಬಡವರ ಮಕ್ಕಳಿಗೆ ಬೆಂಚು ಸಿಕ್ಕಿದ್ದು ಕಾಯಿದೆಯಿಂದಲೇ, ಇದನ್ನು ಯಾರೆದುರಿಗೂ ಗಟ್ಟಿಯಾಗಿ ಹೇಳುತ್ತೇನೆ. ನಾನೂ ಮೂವತ್ತು ವರ್ಷ ಹಾಜರಿ ಕೂಗಿದೆ. ಆದರೆ ಹೊಸ ಶಾಲೆ ಬರುವಷ್ಟರಲ್ಲಿ ಆ ಇಪ್ಪತ್ತು ಮಕ್ಕಳು ಹೊಲದ ಕೆಲಸಕ್ಕೆ ಬಿದ್ದಾಗಿತ್ತು. ಹೆಚ್ಚಿನವರು ಕೊನೆಯವರೆಗೂ ಹೆಬ್ಬೆಟ್ಟನ್ನೇ ಒತ್ತಿದರು.

ಅವರ ಹೆಸರುಗಳು ಇನ್ನೂ ಸಾಲಾಗಿ ಬಾಯಿಗೆ ಬರುತ್ತವೆ. ನಿನ್ನೆ ಉಸುಕಿನ ಪಕ್ಕ ನಿಂತು ಒಂದೊಂದಾಗಿ ಕೂಗಿದೆ. ಗೌಂಡಿ ಕೆಲಸ ನಿಲ್ಲಿಸಿ ನೋಡಿದ.

"ಯಾರಿಗಿ ಕರೀಲತ್ತೀರಿ ಮಾಸ್ತರ?"

"ಬರೋರು ಯಾರೂ ಇಲ್ಲಪ್ಪಾ," ಎಂದೆ.