ಉರಿ ತಿಳಿಯದ ಕೈ

ಕೆಂಡಕ್ಕ ಜ್ವರ ಹಿಡಿಯುವ ಮೊದಲು ದುಡಿದ ಹನ್ನೊಂದು ದಿನದ ಕೂಲಿಯನ್ನು ಲಾಂಡ್ರಿ ಮಾಲೀಕ ಇನ್ನೂ ಕೊಟ್ಟಿಲ್ಲ. ಅದನ್ನು ಕಕ್ಕಿಸುವುದು ನಮ್ಮ ಕಾರ್ಮಿಕ ಸಂಘಕ್ಕೆ ಗೊತ್ತು. ಅವನ ಬಾಗಿಲಲ್ಲಿ ಧರಣಿ ಕೂತರೆ ಬರುತ್ತದೆ. ಅವಳ ಬಲಗೈ ಮಾತ್ರ ಯಾವ ಧರಣಿಗೂ ವಾಪಸ್ ಬರುವುದಿಲ್ಲ.

ಇಪ್ಪತ್ತಾರು ವರ್ಷ ಕೆಂಡದ ಇಸ್ತ್ರಿಪೆಟ್ಟಿಗೆ ತಳ್ಳಿದ ಹೆಂಗಸು. ಅದಕ್ಕೇ ಆ ಹೆಸರು. ಪೆಟ್ಟಿಗೆ ಕಾದಿದೆಯೇ ಎಂದು ಬೆರಳು ತಾಗಿಸಿಯೇ ನೋಡುತ್ತಿದ್ದಳು. ಸಂಘದ ಮೆರವಣಿಗೆಯ ದಿನ ನನ್ನನ್ನು ತಡೆದು ನಿಲ್ಲಿಸಿ, “ಅಣ್ಣಾ, ನಿಮ್ಮ ಅಂಗಿಗಿಂತ ಭಾಷಣದಲ್ಲೇ ಸುಕ್ಕು ಜಾಸ್ತಿ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಕಳೆದ ವರ್ಷ ಜ್ವರ, ವಾಂತಿ ಎಂದು ಆಸ್ಪತ್ರೆ ಸೇರಿದಳು. ಬಲಗೈಗೆ ಡ್ರಿಪ್ ಹಾಕಿದರು. ಮಧ್ಯಾಹ್ನ ಪಕ್ಕದಲ್ಲಿದ್ದ ಮಗಳಿಗೆ, “ಉರೀತಿದೆ ಕಣೇ” ಎಂದಳು.

“ಸಿಸ್ಟರ್‌ನ ಕರೀಲಾ?”

“ಸುಮ್ನಿರೇ. ಕೆಂಡದ ಜೊತೆ ಸಂಸಾರ ಮಾಡಿದ ಕೈ ಇದು. ಈ ಸೊಳ್ಳೆ ಸೂಜಿಗೆ ಹೆದರುತ್ತಾ?”

ಹೊದಿಕೆ ಎಳೆದುಕೊಂಡು ಮಲಗಿದಳು. ಮೂವತ್ತಾರು ಹಾಸಿಗೆಗೆ ಒಬ್ಬಳೇ ನರ್ಸ್. ಬಾಟಲಿ ನೋಡಿ ಹೋದಳು, ಕೈ ನೋಡಲಿಲ್ಲ. ಸಂಜೆ ಹೊದಿಕೆ ಸರಿಸಿದರೆ ಮುಂಗೈ ಬಾತು ಹೊಳೆಯುತ್ತಿತ್ತು, ನಡುವೆ ಕಪ್ಪು ಕಲೆ. ಸೂಜಿ ರಕ್ತನಾಳದಿಂದ ಜಾರಿ, ಔಷಧಿಯೆಲ್ಲ ಮಾಂಸಕ್ಕೆ ಸೋರಿತ್ತು. ಸತ್ತ ಮಾಂಸ ಕೆತ್ತಿ ತೆಗೆದರು. ತೊಡೆಯ ಚರ್ಮ ತಂದು ಹೊಲಿದರು.

ನಾಲ್ಕು ತಿಂಗಳು ರಬ್ಬರ್ ಚೆಂಡು ಹಿಸುಕಿದಳು. ಬೆರಳುಗಳು ಅರ್ಧಕ್ಕಿಂತ ಮುಂದೆ ಮಡಚಲಿಲ್ಲ. “ಹೋಗ್ಲಿ ಬಿಡು, ಎಡಗೈ ಇನ್ನೂ ಹೊಸದು, ಬಳಸೇ ಇಲ್ಲ” ಎಂದು ಮಗಳನ್ನು ಕರೆದುಕೊಂಡು ಲಾಂಡ್ರಿಗೆ ಹೋಗಿ ಮತ್ತೆ ಇಸ್ತ್ರಿ ಮೇಜಿನ ಮುಂದೆ ನಿಂತಳು.

ಮೊದಲನೇ ಅಂಗಿ. ಎಡಗೈಯಲ್ಲಿ ಪೆಟ್ಟಿಗೆ ತಳ್ಳುತ್ತ, ಬಲಗೈಯಲ್ಲಿ ಬಟ್ಟೆ ಸವರುತ್ತಿದ್ದಳು. ಸುಟ್ಟ ವಾಸನೆ ಬಂತು.

“ಅಯ್ಯೋ, ಅಂಗಿ ಸುಟ್ಟಿತಾ ನೋಡೇ!”

ಮಗಳು ನೋಡಿದಳು. ಅಂಗಿಗೇನೂ ಆಗಿರಲಿಲ್ಲ. ಪೆಟ್ಟಿಗೆಯ ಅಂಚು ಅಮ್ಮನ ಬಲಗೈ ಮೇಲೆ ಕೂತಿತ್ತು.

ಮೆರವಣಿಗೆಯಲ್ಲಿ ಪೊಲೀಸರ ಲಾಠಿ ಬಿದ್ದ ದಿನವೂ ಅಳದ ಹೆಂಗಸು ಅಲ್ಲೇ ನೆಲಕ್ಕೆ ಕುಸಿದು ಅತ್ತಳು. “ಉರೀಲಿಲ್ಲ ಕಣೇ. ಒಂಚೂರೂ ಉರೀಲಿಲ್ಲ.”

ಆಮೇಲೆ ಅವಳು ಪೆಟ್ಟಿಗೆ ಮುಟ್ಟಿಲ್ಲ. ಯಾರು ಕರೆದರೂ ಲಾಂಡ್ರಿಯ ಬೀದಿಗೇ ಬರುವುದಿಲ್ಲ.

ನೀವು ಮರುಗಬೇಡಿ, ಮರುಗುವವರು ನಮ್ಮಲ್ಲೇ ಬೇಕಾದಷ್ಟಿದ್ದೇವೆ. ನಿಮ್ಮವರ ಹಾಸಿಗೆ ಪಕ್ಕ ಕೂತಾಗ ಹೊದಿಕೆ ಸರಿಸಿ ಡ್ರಿಪ್ ಹಾಕಿದ ಕೈ ನೋಡಿ. ಉರಿ ಎಂದರೆ, ಊದಿಕೊಂಡರೆ, ಇಡೀ ವಾರ್ಡು ಎದ್ದು ಕೂರುವ ಹಾಗೆ ಕೂಗಿ. ಯಾರಾದರೂ ಬಂದು ಆ ಸೂಜಿ ನೋಡುವ ತನಕ ನಿಲ್ಲಿಸಬೇಡಿ.